ಬರೆದಿಟ್ಟ ನಂಬಿಕೆಯ ಪರವಾಗಿ

ಮುಂಬಯಿಯ ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಮಿಶನರಿಗಳ ಪ್ರಸ್ತಾಪ ಬಂದಾಗಲೆಲ್ಲ ಒಂದು ಅನುಕೂಲದ ವಿಂಗಡಣೆ ನಡೆಯುತ್ತದೆ. 1843ರ ‘ಮಂಗಳೂರ ಸಮಾಚಾರ’ ನಮಗೆ ಬೇಕು, 1894ರ ಕಿಟ್ಟೆಲ್ ನಿಘಂಟು ಬೇಕು. ಅವರ ಧರ್ಮಸಿದ್ಧಾಂತ ಮಾತ್ರ ಬೇಡ. ಅನುಭಾವ ಜೀವಂತ, ಬರೆದಿಟ್ಟ ವಿಶ್ವಾಸಪ್ರಮಾಣ ಜಡ ಎಂಬ ತೀರ್ಪು ಇದರ ಹಿಂದಿದೆ. ಈ ತೀರ್ಪನ್ನು ನಾನು ಒಪ್ಪಲಾರೆ.

ಚೌಪಾಟಿಯ ವಿಲ್ಸನ್ ಕಾಲೇಜನ್ನು ನಾವೆಲ್ಲ ಬಲ್ಲೆವು. ಅದರ ಸ್ಥಾಪಕ ಜಾನ್ ವಿಲ್ಸನ್ ಸ್ಕಾಟ್‌ಲೆಂಡಿನ ಪ್ರೆಸ್ಬಿಟೇರಿಯನ್. ಅವರ ಸಭೆ 1647ರಲ್ಲಿ ಅಂಗೀಕರಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣಕ್ಕೆ 33 ಅಧ್ಯಾಯಗಳು. ಜೊತೆಯ ಕಿರು ಪ್ರಶ್ನೋತ್ತರಕ್ಕೆ 107 ಪ್ರಶ್ನೆಗಳು. ಒಣ ಬರಹವೆನಿಸಬಹುದು. ಆದರೆ ಸಭೆಗೆ ಕ್ರಿಸ್ತನೊಬ್ಬನೇ ಒಡೆಯನೆಂಬ ಅದರ ಮಾತನ್ನು ನಂಬಿಯೇ 1843ರಲ್ಲಿ 400ಕ್ಕೂ ಹೆಚ್ಚು ಸಭಾಪಾಲಕರು ಸಂಬಳ, ಮನೆ, ದೇವಾಲಯಗಳನ್ನು ತೊರೆದು ಹೊರನಡೆದರು. ಜನರಿಗೆ ಬೇಡವಾದ ಪಾಲಕನನ್ನು ಜಮೀನುದಾರ ಸೂಚಿಸುವುದು, ನ್ಯಾಯಾಲಯ ಹೇರುವುದು ಅವರಿಗೆ ಸಮ್ಮತವಿರಲಿಲ್ಲ. ವಿಲ್ಸನ್ ಮತ್ತು ಸಂಗಡಿಗರೂ ಅವರ ಪಕ್ಷ ಸೇರಿ, ಮುಂಬಯಿಯ ತಮ್ಮ ಶಾಲೆಯ ಕಟ್ಟಡವನ್ನು ಬಿಟ್ಟುಕೊಟ್ಟರು. ಜಡವಾದದ್ದು ಇಂಥ ಬೆಲೆ ತೆರಿಸಬಲ್ಲುದೇ?

ಆ ಗ್ರಂಥ ಕಠೋರವೆಂಬುದು ನಿಜ. ಕೆಲವರು ನಿತ್ಯಮರಣಕ್ಕೇ ನೇಮಿತರೆಂಬ ಅದರ ಮೂರನೆಯ ಅಧ್ಯಾಯವನ್ನು ನಾನು ಸಮರ್ಥಿಸಲಾರೆ. ಹಿಂದೂ, ಪಾರ್ಸಿ ಧರ್ಮಗಳ ಮೇಲೆ ವಿಲ್ಸನ್ ನಡೆಸಿದ ಖಂಡನೆಯೂ ಮೃದುವಾಗಿರಲಿಲ್ಲ. ಆದರೆ ವಾದವು ಅಚ್ಚಿನಲ್ಲಿ ಬಹಿರಂಗವಾಗಿದ್ದರಿಂದಲೇ ಮೋರಭಟ್ಟ ದಾಂಡೇಕರರಂಥವರು ಅವರೊಡನೆ ಅಚ್ಚಿನಲ್ಲಿಯೇ ವಾದಿಸಬಲ್ಲವರಾದರು. ಮಹಾಸಭೆಗಳೂ ತಪ್ಪಬಹುದು, ಎಷ್ಟೋ ತಪ್ಪಿವೆ ಎಂದು ವೆಸ್ಟ್‌ಮಿನ್‌ಸ್ಟರಿನ 31ನೆಯ ಅಧ್ಯಾಯವೇ ಒಪ್ಪಿಕೊಳ್ಳುತ್ತದೆ. ಆ ಒಪ್ಪಿಗೆ ವ್ಯರ್ಥವಾಗಲಿಲ್ಲ: 1904ರಲ್ಲಿ ಭಾರತದ ಪ್ರೆಸ್ಬಿಟೇರಿಯನ್ ಸಭೆ ತನ್ನದೇ ಆದ, 12 ವಿಧಿಗಳ ಸಂಕ್ಷಿಪ್ತ ಪ್ರಮಾಣವನ್ನು ಸ್ವೀಕರಿಸಿತು. ಬರೆದದ್ದನ್ನು ತಿದ್ದಬಹುದು.

ಬರೆಯದ್ದನ್ನು ತಿದ್ದುವುದು ಹೇಗೆ? ಊರು ಬಿಟ್ಟು ಬಂದ ನಾವು ಇಲ್ಲಿ ಜಾತಿಗೊಂದು ಸಂಘ ಕಟ್ಟಿಕೊಂಡಿದ್ದೇವೆ. ಮಗಳು ಯಾರನ್ನು ವರಿಸಬೇಕು, ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ನಮ್ಮಲ್ಲಿ ಅಧ್ಯಾಯವಿಲ್ಲ, ವಿಧಿಯ ಸಂಖ್ಯೆಯಿಲ್ಲ. ‘ಹಿರಿಯರಿಂದ ಬಂದದ್ದು’ ಎಂಬ ಒಂದೇ ಉತ್ತರವಿದೆ. ಕಾಗದದ ಮೇಲಿಲ್ಲದ ಈ ವಿಶ್ವಾಸಪ್ರಮಾಣ ವೆಸ್ಟ್‌ಮಿನ್‌ಸ್ಟರಿಗಿಂತ ಕಠೋರ. ತಾನು ತಪ್ಪಬಹುದೆಂದು ಅದು ಎಲ್ಲಿಯೂ ಒಪ್ಪಿಲ್ಲ.

ಪರರ ಸಿದ್ಧಾಂತವನ್ನು ಜಡವೆನ್ನುವ ಮುನ್ನ ನಮ್ಮದನ್ನು ಒಮ್ಮೆ ಬರೆದು ನೋಡೋಣ. ಸಹಿ ಹಾಕಲು ಎಷ್ಟು ಜನರ ಕೈ ಮುಂದಾದೀತು?