ನಂದಿಗೆ ಎಷ್ಟು ದೂರ?

ವಿದ್ಯುತ್ ಸ್ಕೂಟರು ಕೊಂಡವನಿಗೆ ಎದುರಾಗುವ ಮೊದಲ ಪ್ರಶ್ನೆ, ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಓಡೀತು ಎಂಬುದು. ನಮ್ಮ ಮನೆಯಲ್ಲಿ ಅದನ್ನು ಕೇಳಿದವಳು ನನ್ನ ಶ್ರೀಮತಿ. ಕೇಳಿದ್ದು ನಂದಿಬೆಟ್ಟಕ್ಕೆ ಹೊರಡುವ ಹಿಂದಿನ ರಾತ್ರಿ.

"ಕಂಪನಿಯವರು 125 ಕಿಲೋಮೀಟರು ಎಂದಿದ್ದಾರೆ. ಹೋಗಿಬರಲು 120 ಸಾಕು" ಎಂದೆ.

ಆದರೆ ವಾಚಕರೇ, ಆ ಅಂಕಿ ಹುಟ್ಟಿದ್ದು ಪರೀಕ್ಷಾಶಾಲೆಯ ಉರುಳೆಗಳ ಮೇಲೆ. ಅಲ್ಲಿ ಎದುರುಗಾಳಿಯಿಲ್ಲ, ಏರಿಲ್ಲ, ಹಿಂದಿನ ಆಸನದಲ್ಲಿ ಹೆಂಡತಿಯೂ ಇಲ್ಲ.

ಕನ್ನಡದ ಮೇಷ್ಟ್ರಾದರೂ ಪೆನ್ಸಿಲು ಹಿಡಿದು ಕುಳಿತೆ. ಬ್ಯಾಟರಿಯಲ್ಲಿರುವುದು 3000 ವಾಟ್-ಗಂಟೆ. ಇಬ್ಬರನ್ನು ಹೊತ್ತ ಗಾಡಿ ಕಿಲೋಮೀಟರಿಗೆ ಸುಮಾರು 30 ನುಂಗುತ್ತದೆ. ಅಲ್ಲಿಗೆ 125 ಹೋಗಿ 100 ಆಯಿತು! ಬೆಟ್ಟವೋ ಬೆಂಗಳೂರಿಗಿಂತ ಸುಮಾರು 550 ಮೀಟರು ಎತ್ತರ. ಗಾಡಿಯೂ ನಾವೂ ಸೇರಿ 250 ಕಿಲೋ. ಅಷ್ಟನ್ನು ಮೇಲೆತ್ತುವುದಕ್ಕೇ 375 ವಾಟ್-ಗಂಟೆ ಬೇಕು. ಹನ್ನೆರಡು ಕಿಲೋಮೀಟರಿನ ದಾರಿಖರ್ಚು! ಇಳಿಯುವಾಗ ಮೋಟಾರು ಅದರಲ್ಲಿ ಕೊಂಚವನ್ನು ಬ್ಯಾಟರಿಗೆ ಮರಳಿಸೀತು, ಪೂರ್ತಿಯನ್ನಲ್ಲ. ವೇಗವನ್ನು ಇಮ್ಮಡಿಸಿದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆದ್ದರಿಂದ ಅವಸರವೂ ಕೂಡದು.

"ಹಾಗಾದರೆ ಬಸ್ಸಿಗೇ ಹೋಗೋಣವೇ?" ಎಂದಳು ಆಕೆ, ಬಹು ಮೃದುವಾಗಿ.

ಮಾನದ ಪ್ರಶ್ನೆ! ಸ್ಕೂಟರಿನಲ್ಲೇ ಹೊರಟೆವು, ನಲವತ್ತರ ವೇಗ ಮೀರದೆ. ಬೈಸಿಕಲ್ಲಿನವನೊಬ್ಬ ನಮ್ಮನ್ನು ಕನಿಕರದಿಂದ ನೋಡಿದ. ಮರಳುವಾಗ ದೇವನಹಳ್ಳಿಯ ಹೋಟೆಲೊಂದರಲ್ಲಿ ತಂತಿ ಸಿಕ್ಕಿಸಿ ಎರಡು ಗಂಟೆ ಕುಳಿತೆವು. ಅಷ್ಟರಲ್ಲಿ ಎರಡು ಮಸಾಲೆದೋಸೆ, ನಾಲ್ಕು ಕಾಫಿ ಮುಗಿದವು. ನನ್ನ ಲೆಕ್ಕದಲ್ಲಿ ಇವು ಸೇರಿರಲಿಲ್ಲ.

ಮನೆ ಸೇರಿದಾಗ ಮೀಟರು ಏಳು ಕಿಲೋಮೀಟರು ತೋರಿಸುತ್ತಿತ್ತು. "ತರಕಾರಿ ಮಾರುಕಟ್ಟೆಗೆ ಸಾಕಲ್ಲವೇ?" ಎಂದು ಚೀಲ ಕೈಗಿತ್ತಳು.