ಹತ್ತರಲ್ಲೊಂದು ಅಂಕ

ನಮ್ಮ ಕಾಲೇಜಿನ ವಾರ್ಷಿಕೋತ್ಸವದ ನಾಟಕ ಸ್ಪರ್ಧೆಗೆ ಈ ಸಲ ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದ್ದರು. ಕನ್ನಡ ಎಂ.ಎ. ಮಾಡಿದವನಿಗೆ ನಾಟಕದ ಗುಣದೋಷಗಳೆಲ್ಲ ಅಂಗೈ ನೆಲ್ಲಿಯೆಂಬುದು ಲೋಕದ ನಂಬಿಕೆ. ಅದನ್ನು ಕೆಡಿಸುವುದು ಸೌಜನ್ಯವಲ್ಲವೆಂದು ನಾನೂ ಒಪ್ಪಿಕೊಂಡೆ. ಕೊಟ್ಟ ಪಟ್ಟಿಯಲ್ಲಿ 'ಸ್ವಂತಿಕೆ' ಎಂಬ ಅಂಕಣವೊಂದಿತ್ತು. ಅದಕ್ಕೆ ಹತ್ತು ಅಂಕ.

ಎರಡನೆಯ ವರ್ಷದ ಹುಡುಗರು ಕುಮಾರವ್ಯಾಸನ ಕರ್ಣನನ್ನು ಆಡಿದರು. ಅವರು ತಾವಾಗಿ ಒಂದು ಮಾತನ್ನೂ ಬರೆದಿರಲಿಲ್ಲ. ಪದ್ಯಗಳನ್ನು ಹಿಂದುಮುಂದು ಮಾಡಿ, ಒಬ್ಬನ ಮಾತನ್ನು ಐದು ಕಂಠಗಳಿಗೆ ಹಂಚಿ, ನಡುವೆ ತಮಟೆ ಡೊಳ್ಳುಗಳನ್ನು ನುಡಿಸಿದ್ದರು. ಚೆನ್ನಾಗಿಯೇ ಇತ್ತು. ಆದರೆ ಸ್ವಂತದ್ದೇನಿದೆ ಇದರಲ್ಲಿ ಎಂದುಕೊಂಡು ಆ ಅಂಕಣದಲ್ಲಿ ಐದು ಅಂಕ ಹಾಕಿದೆ. ಒಟ್ಟು ಲೆಕ್ಕದಲ್ಲಿ ಅವರು ಒಂದೇ ಒಂದು ಅಂಕದಿಂದ ಸೋತರು.

ಎರಡು ದಿನ ಕಳೆದು ಆ ತಂಡದ ಹುಡುಗನೊಬ್ಬ ಅಧ್ಯಾಪಕರ ಕೊಠಡಿಗೆ ಬಂದ. ಎನ್.ಸಿ.ಸಿ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. "ಅಂಕದ ವಿಷಯಕ್ಕೆ ಬರಲಿಲ್ಲ ಸಾರ್. ಒಂದು ಚಿತ್ರ ತೋರಿಸಬೇಕಾಗಿತ್ತು" ಎಂದು ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟ. ಅಂಕದ ವಿಷಯಕ್ಕೇ ಬಂದಿದ್ದನೆಂಬುದು ನನಗೆ ತಿಳಿಯಲು ಹನ್ನೊಂದು ನಿಮಿಷ ಹಿಡಿಯಿತು.

ಚಿತ್ರ ಅಮೆರಿಕದ್ದು. ಅಲ್ಲಿ 'ಡ್ರಮ್ ಕೋರ್' ಎಂಬ ಒಂದು ಪದ್ಧತಿಯುಂಟು. ಮಹಾಯುದ್ಧಗಳಿಂದ ಮರಳಿದ ಸೈನಿಕರ ಸಂಘಗಳು ಊರ ಹುಡುಗರಿಗೆ ಕಹಳೆ, ಡೋಲು, ಬಾವುಟಗಳನ್ನು ಕೊಟ್ಟು ಕವಾಯತು ಕಲಿಸಿದ್ದರಿಂದ ಬೆಳೆದದ್ದು. 1971ರಲ್ಲಿ ಇಂಥ ತಂಡಗಳು 'ಡ್ರಮ್ ಕೋರ್ ಇಂಟರ್‌ನ್ಯಾಷನಲ್' ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡು, 1972ರಿಂದ ಬೇಸಗೆಯಲ್ಲಿ ಸ್ಪರ್ಧೆ ನಡೆಸುತ್ತ ಬಂದಿವೆ. ಸೇರುವವರು ಬಹುಮಟ್ಟಿಗೆ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಹೆಚ್ಚಿನ ತಂಡಗಳಲ್ಲಿ ವಯಸ್ಸು ಮೀರಿದರೆ ತಂಡ ಬಿಡಬೇಕು. ಬೇಸಗೆಯೆಲ್ಲ ಊರೂರು ತಿರುಗಿ, ಒಂದೇ ಪ್ರದರ್ಶನವನ್ನು ತಿದ್ದಿ ತಿದ್ದಿ ಒಪ್ಪಗೊಳಿಸುತ್ತಾರೆ. ಅದರ ಅವಧಿ ಸುಮಾರು ಹನ್ನೊಂದು ನಿಮಿಷ.

ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡನ್ನೋ ಮದುವೆಯ ದಿಬ್ಬಣದ ಬ್ಯಾಂಡನ್ನೋ ನೆನೆದುಕೊಂಡು ಇದನ್ನು ಅಳೆಯಬಾರದು. ನೂರಕ್ಕೂ ಮಿಕ್ಕಿದ ಮಂದಿ ಫುಟ್ಬಾಲ್ ಮೈದಾನದ ತುಂಬ ಓಡುತ್ತ, ಬಾಗುತ್ತ, ಒಬ್ಬರನ್ನೊಬ್ಬರು ಹಾಯುತ್ತ ನುಡಿಸುತ್ತಾರೆ. ಮೇಲಿನಿಂದ ನೋಡಿದರೆ ರಂಗೋಲಿಯೊಂದು ಎದ್ದು ನಡೆದಂತೆ ಕಾಣುತ್ತದೆ. ಆದರೆ ನುಡಿಸುವ ಸಂಗೀತ ಬಹುಮಟ್ಟಿಗೆ ಅವರದಲ್ಲ. ಯಾರೋ ಮಹನೀಯರು ಎಂದೋ ಬೇರೆ ವಾದ್ಯಗಳಿಗೆ ಬರೆದದ್ದು. ಅದನ್ನು ಮೈದಾನಕ್ಕೆ ಇಳಿಸುವವನನ್ನು ವಾದ್ಯಸಂಯೋಜಕ ಎನ್ನೋಣ. ಆತನ ಹೆಸರು ಪ್ರೇಕ್ಷಕರಲ್ಲಿ ಹಲವರಿಗೆ ತಿಳಿದಿರುವುದಿಲ್ಲ.

ಹುಡುಗ ತೋರಿಸಿದ್ದು 1993ರ ಪ್ರದರ್ಶನ. 'ಸ್ಟಾರ್ ಆಫ್ ಇಂಡಿಯಾನ' ಎಂಬ ತಂಡ, ವಸ್ತು ಮೀಡಿಯ. ತನ್ನನ್ನು ತೊರೆದ ಗಂಡನ ಮೇಲಿನ ಸೇಡಿಗಾಗಿ ಹೆತ್ತ ಮಕ್ಕಳನ್ನೇ ಕೊಂದ ಗ್ರೀಕ್ ಪುರಾಣದ ಹೆಣ್ಣು. ಸಂಗೀತ ಅಮೆರಿಕದ ಸಾಮ್ಯುಯೆಲ್ ಬಾರ್ಬರ್ ಮತ್ತು ಹಂಗೇರಿಯ ಬೇಲಾ ಬಾರ್ಟೋಕ್ ಇಬ್ಬರದು. ಬಾರ್ಟೋಕ್ 1936ರಲ್ಲಿ ರಚಿಸಿದ ಆ ಕೃತಿಯ ಹೆಸರೇ 'ತಂತಿವಾದ್ಯ, ತಾಳವಾದ್ಯ ಮತ್ತು ಸೆಲೆಸ್ಟಗಳಿಗಾಗಿ ಸಂಗೀತ'. ಸುಮಾರು ಅರ್ಧ ಗಂಟೆಯ ಕೃತಿ. ಈ ತಂಡದ ಬಳಿ ಒಂದೇ ಒಂದು ಪಿಟೀಲೂ ಇಲ್ಲ! ಅಂದಿನ ನಿಯಮದಂತೆ ಇದ್ದದ್ದು ಒಂದೇ ಶ್ರುತಿಗೆ ಕಟ್ಟಿದ ಹಿತ್ತಾಳೆಯ ಕಹಳೆಗಳು, ಡೋಲುಗಳು, ಮೈದಾನದ ಅಂಚಿನಲ್ಲಿ ನಿಲ್ಲಿಸಿದ ಮರಿಂಬ, ವೈಬ್ರಫೋನುಗಳಂಥ ವಾದ್ಯಗಳು, ಅಷ್ಟೇ. ಧ್ವನಿವರ್ಧಕಕ್ಕೂ ಅವಕಾಶವಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಸಂಯೋಜಕನ ಪಾಡನ್ನು ಯೋಚಿಸಿರಿ. ಪಿಟೀಲಿನ ಕಮಾನು ಸ್ವರವನ್ನು ಬೇಕಾದಷ್ಟು ಹೊತ್ತು ಎಳೆಯಬಲ್ಲುದು. ಕಹಳೆಯವನಿಗೆ ಉಸಿರು ಬೇಕು, ಅದೂ ಓಡುತ್ತ. ಆದುದರಿಂದ ಒಬ್ಬನು ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ನೆರೆಯವನು ಸ್ವರವನ್ನು ಹಿಡಿದಿರುವಂತೆ ಉಸಿರನ್ನೂ ಹಂಚಬೇಕು. ದೊಡ್ಡ ಡೋಲುಗಳಲ್ಲಿ ಒಬ್ಬೊಬ್ಬನ ಪಾಲಿಗೆ ಒಂದೊಂದು ಗಾತ್ರ, ಒಂದೊಂದು ಶ್ರುತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುವ ಒಂದು ಸ್ವರಪಂಕ್ತಿಯನ್ನು ಐದಾರು ಮಂದಿ ತಲಾ ಒಂದೊಂದು ಪೆಟ್ಟಾಗಿ ಹಂಚಿಕೊಳ್ಳಬೇಕು. ಕೇಳುವವನಿಗೆ ಮಾತ್ರ ಒಂದೇ ಕೈ ನುಡಿಸಿದಂತಿರಬೇಕು.

ಇನ್ನೊಂದು ತೊಡಕು ಪ್ರಕೃತಿಯೇ ಒಡ್ಡಿದ್ದು. ಮೈದಾನದ ಉದ್ದ ಸುಮಾರು 91 ಮೀಟರು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಒಂದು ತುದಿಯ ನಾದ ಇನ್ನೊಂದು ತುದಿಗೆ ಮುಟ್ಟಲು ಕಾಲು ಸೆಕೆಂಡಿಗೂ ಹೆಚ್ಚು ಕಾಲ ಬೇಕು. ನಿಮಿಷಕ್ಕೆ 180 ಪೆಟ್ಟಿನ ಲಯದಲ್ಲಿ ಎರಡು ಪೆಟ್ಟುಗಳ ಅಂತರವೇ ಸೆಕೆಂಡಿನ ಮೂರರಲ್ಲೊಂದು ಪಾಲು! ಎಲ್ಲರೂ ತಮ್ಮ ಕಿವಿಯನ್ನೇ ನಂಬಿದರೆ ಸಂಗೀತ ಚೆಲ್ಲಾಪಿಲ್ಲಿಯಾದೀತು. ಅದಕ್ಕಾಗಿ ಡೋಲಿನವರು ಸಾಮಾನ್ಯವಾಗಿ ಹಿಂದಿನ ನಡುಭಾಗದಲ್ಲಿ ನಿಂತು ಲಯ ಕಾಯುತ್ತಾರೆ. ಮುಂದಿರುವವರು ಹಿಂದಿನ ಸದ್ದು ತಮ್ಮನ್ನು ಮುಟ್ಟಿದಾಗ ಅದರೊಡನೆ ನುಡಿಸುತ್ತಾರೆ. ಆಗ ಎಲ್ಲವೂ ಒಂದಾಗಿ ಪ್ರೇಕ್ಷಕರತ್ತ ಸಾಗುತ್ತದೆ. ಎಂದರೆ, ಯಾವ ಸ್ವರ ನುಡಿಯುವಾಗ ಯಾವನು ಎಲ್ಲಿ ನಿಂತಿರುತ್ತಾನೆಂಬುದನ್ನು ಅರಿಯದೆ ಸಂಯೋಜಕ ಒಂದು ಸಾಲನ್ನೂ ಬರೆಯುವಂತಿಲ್ಲ.

ಇಷ್ಟೆಲ್ಲ ಮಾಡಿ ಆ ತಂಡ ಗಳಿಸಿದ್ದೇನು? ಆ ಬೇಸಗೆಯಲ್ಲಿ ಪ್ರೇಕ್ಷಕರು ಕೆಲವೆಡೆ ಅವರನ್ನು ಕೂಗಿ ಹೀಯಾಳಿಸಿದರು. ಪ್ರತಿ ಪಲುಕಿನ ತುದಿಗೂ ಚಪ್ಪಾಳೆಗೆ ಬಿಡುವು ಕೊಡುವ ಗಟ್ಟಿ ಸಂಗೀತಕ್ಕೆ ಒಗ್ಗಿದ್ದ ಜನಕ್ಕೆ ಈ ಒರಟು ಸ್ವರಗಳೂ ದೀರ್ಘ ಮೌನಗಳೂ ರುಚಿಸಲಿಲ್ಲ. ಮಿಸಿಸಿಪಿಯ ಜಾಕ್ಸನ್ನಿನಲ್ಲಿ ನಡೆದ ಅಂತಿಮ ಸ್ಪರ್ಧೆಯಲ್ಲಿ 'ಕೆಡೆಟ್ಸ್' ತಂಡಕ್ಕೆ 97.4, ಇವರಿಗೆ 97.3. ನೂರರಲ್ಲಿ ಒಂದಲ್ಲ, ಒಂದರ ಹತ್ತರಲ್ಲೊಂದು ಪಾಲಿನಿಂದ ಸೋಲು. ಗೆದ್ದವರನ್ನು ಹಳಿಯುವ ಕಾರಣವಿಲ್ಲ. ಡೇವಿಡ್ ಹೋಲ್ಸಿಂಗರರ ಕೃತಿಯನ್ನು ಅವರೂ ಅಮೋಘವಾಗಿ ನುಡಿಸಿದ್ದರು.

ಆ ವರ್ಷವೇ ಸ್ಟಾರ್ ತಂಡ ಸ್ಪರ್ಧೆಗಳಿಗೆ ಕೈಮುಗಿಯಿತು. ಆದರೆ ನುಡಿಸುವುದನ್ನು ಬಿಡಲಿಲ್ಲ. ರಂಗಮಂದಿರಗಳಿಗೆ ಹೊಂದುವಂತೆ ತನ್ನ ಕಲೆಯನ್ನು ಬದಲಿಸಿಕೊಂಡಿತು. ಅದರ ಫಲವಾದ 'ಬ್ಲಾಸ್ಟ್' ಎಂಬ ಪ್ರದರ್ಶನ 1999ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ, 2001ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದು ಟೋನಿ ಪ್ರಶಸ್ತಿಯನ್ನು ಪಡೆಯಿತು. ಜನ ಹೀಯಾಳಿಸಿದ ಆ ಮೀಡಿಯವನ್ನು ಇಂದು ಈ ಕಲೆಯ ಅಭ್ಯಾಸಿಗಳು ಪಾಠದಂತೆ ನೋಡುತ್ತಾರೆ.

ಅನಂತರ ನಿಯಮಗಳೂ ಸಡಿಲಗೊಂಡಿವೆ. 2000ದಿಂದ ಬೇರೆ ಶ್ರುತಿಯ ಹಿತ್ತಾಳೆ ವಾದ್ಯಗಳು, 2004ರಿಂದ ಧ್ವನಿವರ್ಧಕ, 2009ರಿಂದ ವಿದ್ಯುನ್ಮಾನ ವಾದ್ಯಗಳು ಬಂದುವು. ಸಾಧನ ಹೆಚ್ಚಿದಷ್ಟೂ ಸೃಷ್ಟಿ ಹೆಚ್ಚಿತೇ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಹತ್ತು ಕೃತಿಗಳಿಂದ ಹತ್ತು ತುಣುಕು ಕತ್ತರಿಸಿ ಅಂಟಿಸಿದರೆ ಅದು ಸಂಯೋಜನೆಯಲ್ಲ, ಕೌದಿ ಎಂದು ಗೊಣಗುವವರೂ ಇದ್ದಾರೆ. ಆ ಗೊಣಗಿನಲ್ಲಿ ಹುರುಳಿದೆ. ಆದರೆ ಕೌದಿ ಹೊಲಿಯುವವಳಿಗೂ ಯಾವ ತುಂಡಿನ ಪಕ್ಕದಲ್ಲಿ ಯಾವುದನ್ನಿಡಬೇಕೆಂಬ ಕಣ್ಣಿರಬೇಕಷ್ಟೆ.

ಚಿತ್ರ ಮುಗಿಯಿತು. ಹುಡುಗ ಏನನ್ನೂ ಹೇಳದೆ ಮೊಬೈಲನ್ನು ಜೇಬಿಗಿಟ್ಟುಕೊಂಡು, "ಬರುತ್ತೇನೆ ಸಾರ್" ಎಂದು ಹೊರಟ. ಮುಂದಿನ ಗಂಟೆ ನನಗೆ ಪಾಠವಿತ್ತು, ಪಂಪಭಾರತ. ವ್ಯಾಸರ ಕಥೆಯನ್ನೇ ಹಿಡಿದು, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿ, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ ಪಂಪನ ಪ್ರತಿಭೆಯನ್ನು ನಾನು ಹತ್ತು ವರ್ಷಗಳಿಂದ ಇದೇ ತರಗತಿಗಳಲ್ಲಿ ಕೊಂಡಾಡುತ್ತ ಬಂದಿದ್ದೇನೆ. ಕಥೆ ಯಾರದಾದರೇನು, ಕಟ್ಟಿದ ಬಗೆ ಅವನದು ಎಂಬುದು ನನ್ನ ಪ್ರಿಯವಾದ ವಾಕ್ಯ. ಪರೀಕ್ಷೆಯಲ್ಲಿ ಅದನ್ನೇ ಬರೆದವರಿಗೆ ಧಾರಾಳವಾಗಿ ಅಂಕ ಕೊಡುತ್ತೇನೆ. ಆ ವಾಕ್ಯವನ್ನು ರಂಗದ ಮೇಲೆ ಮಾಡಿ ತೋರಿಸಿದವರಿಗೆ ಐದು ಕೊಟ್ಟೆ!

ಆ ದಿನ ಆ ವಾಕ್ಯ ಬಾಯಿಗೆ ಬಂದಾಗ ಸ್ವಲ್ಪ ತಡವರಿಸಿದೆ. ಹುಡುಗ ಮೂರನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ನಗುತ್ತಿದ್ದನೋ ಏನೋ, ನನಗೆ ಕಾಣಿಸಲಿಲ್ಲ.

ಬಹುಮಾನದ ಬಟ್ಟಲು ಆಗಲೇ ಬೇರೆಯವರ ತರಗತಿಯ ಬೀರು ಸೇರಿದೆ. ಅಂಕಪಟ್ಟಿಯನ್ನು ಇನ್ನು ತಿದ್ದಲು ಬರುವುದಿಲ್ಲ. ಮುಂದಿನ ವರ್ಷವೂ ತೀರ್ಪುಗಾರನಾಗಬೇಕೆಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಒಪ್ಪಿಕೊಳ್ಳುವ ಮುನ್ನ ಆ ಹುಡುಗನನ್ನು ಕರೆದು, 'ಸ್ವಂತಿಕೆ' ಎಂಬ ಅಂಕಣದ ಕೆಳಗೆ ಏನನ್ನು ನೋಡಬೇಕೆಂದು ಒಮ್ಮೆ ಕೇಳಬೇಕೆಂದಿದ್ದೇನೆ.