ಮರಕ್ಕೆ ನೇತುಬಿದ್ದ ಕೃತಕ ಕಾಲು

ಕಳೆದ ಮಳೆಗಾಲದಲ್ಲಿ ತಿಕೋಟಾ ಸಮೀಪದ ದ್ರಾಕ್ಷಿ ತೋಟವೊಂದಕ್ಕೆ ಹೋಗಿದ್ದೆ. ಬದುವಿನ ಜಾಲಿಮರದ ಕೊಂಬೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕೃತಕ ಕಾಲೊಂದು ತೂಗುತ್ತಿತ್ತು. ಅದರ ಒಡೆಯ ಕೋಲೂರಿಕೊಂಡು ಸಾಲುಗಳ ನಡುವೆ ಕೆಲಸ ಮಾಡುತ್ತಿದ್ದ. ಕಾಲು ಕಳಚಿದ್ದೇಕೆಂದು ಕೇಳಿದೆ. ‘ರಾಡಿಯೊಳಗ ಕೆಟ್ರ ಮತ್ತ ಯಾರ್ ಕೊಡ್ತಾರ್ರೀ ಸಾಹೇಬ್ರ?’ ಎಂದ.

ಸೇವೆಯಲ್ಲಿದ್ದಾಗ ಸಾಧನ ಸಲಕರಣೆ ವಿತರಣಾ ಸಮಾರಂಭಗಳಲ್ಲಿ ನಾನೂ ವೇದಿಕೆಯ ಮೇಲೆ ಕುಳಿತವನೇ. ಎಷ್ಟು ಕಾಲು ಕೊಟ್ಟೆವೆಂಬ ಲೆಕ್ಕ ವರದಿಯಲ್ಲಿರುತ್ತಿತ್ತು. ವರ್ಷದ ನಂತರ ಎಷ್ಟು ಬಳಕೆಯಲ್ಲಿವೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

1968ರ ಸುಮಾರಿಗೆ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರೂಪಿಸಿದ ಜೈಪುರ ಪಾದ ನಮ್ಮ ಜನ ಬರಿಗಾಲಲ್ಲಿ ನಡೆಯುವುದನ್ನೂ ಕುಕ್ಕರಗಾಲಲ್ಲಿ ಕೂರುವುದನ್ನೂ ಗಮನದಲ್ಲಿಟ್ಟುಕೊಂಡಿತ್ತು. ಅದರ ರಬ್ಬರು ನೀರಿಗೆ ಅಂಜದು. ಆದರೆ ಲೋಹದ ಕೀಲು, ಸ್ಪಂಜಿನ ಹೊದಿಕೆಯುಳ್ಳ ಕಾಲುಗಳ ಮಾತು ಬೇರೆ. ಬಬಲೇಶ್ವರ ಭಾಗದ ಎರೆಮಣ್ಣು ತೊಯ್ದಾಗ ಹೆಜ್ಜೆಹೆಜ್ಜೆಗೂ ಮೆತ್ತಿಕೊಂಡು ಭಾರವಾಗುತ್ತದೆ, ಒಣಗಿದಾಗ ಧೂಳಾಗಿ ಕೀಲಿಗಿಳಿಯುತ್ತದೆ. ದ್ರಾಕ್ಷಿಗೆ ಸಿಂಪಡಿಸುವ ಬೋರ್ಡೊ ದ್ರಾವಣದ ಮೈಲುತುತ್ತ ಕಬ್ಬಿಣವನ್ನೇ ತಿನ್ನುತ್ತದೆ.

ಇಂಥ ಕಾಲಿಗೊಂದು ಗವಸು ಏಕೆ ಮಾರುಕಟ್ಟೆಗೆ ಬರುವುದಿಲ್ಲ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತೋಚುವ ಉತ್ತರ ಸರಳ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅಂಗವಿಕಲರು 13.24 ಲಕ್ಷ. ಅವರಲ್ಲಿ ಕೃತಕ ಕಾಲು ತೊಟ್ಟು ಹೊಲಕ್ಕಿಳಿಯುವವರು ಅಲ್ಪಸಂಖ್ಯಾತರು. ಅಗತ್ಯವಿದೆ, ಕೊಳ್ಳುವ ಶಕ್ತಿಯಿಲ್ಲ. ಲಾಭ ಕಾಣದ ಕಡೆಗೆ ಬಂಡವಾಳ ತಲೆಹಾಕದು.

ಇಲ್ಲಿಯೇ ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನೆರವಿಗೆ ಬರಬಲ್ಲರು. ಅಂತಿಮ ವರ್ಷದಲ್ಲಿ ಅವರು ಪ್ರಾಜೆಕ್ಟ್ ಮಾಡಲೇಬೇಕು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆಯ್ದ ಪ್ರಾಜೆಕ್ಟ್‌ಗಳಿಗೆ ಧನಸಹಾಯವನ್ನೂ ನೀಡುತ್ತದೆ. ವಿಜಯಪುರದಲ್ಲಿ 1980ರಲ್ಲಿ ಆರಂಭವಾದ, ಫ.ಗು. ಹಳಕಟ್ಟಿಯವರ ಹೆಸರಿನ ಕಾಲೇಜಿದೆ, ಅದೇ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜೂ ಇದೆ. ಇಂಜಿನಿಯರು, ವೈದ್ಯ, ಬಳಕೆದಾರ ಮೂವರೂ ಒಂದೇ ಜಿಲ್ಲೆಯಲ್ಲಿರುವಾಗ ಸಮಸ್ಯೆ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ.

ಕೆಲಸ ಹೊರನೋಟಕ್ಕೆ ಕಂಡಷ್ಟು ಸುಲಭವಲ್ಲ. ಪಾದದ ತುದಿಯಲ್ಲಿ ಸೇರುವ ಸ್ವಲ್ಪ ತೂಕವೂ ನಡೆಯುವವನನ್ನು ಬಹಳ ದಣಿಸುತ್ತದೆ. ಗಾಳಿಯಾಡದ ಹೊದಿಕೆ 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಬೆವರು ಹೆಚ್ಚಿಸಿ, ಮೊಂಡುಗಾಲಿನ ಚರ್ಮವನ್ನು ಹುಣ್ಣಾಗಿಸೀತು. ಮಂಡಿ ಮಡಚಲು ಅಡ್ಡಿಯಾಗಬಾರದು. ವೆಲ್ಕ್ರೋ ಪಟ್ಟಿಗೆ ಕೆಸರು ಮೆತ್ತಿದರೆ ಅಂಟುವುದಿಲ್ಲ. ಹರಿದರೆ ತಿಕೋಟಾದ ಚಮ್ಮಾರನೇ ಹೊಲಿದುಕೊಡುವಂತಿರಬೇಕು. ಇವನ್ನೆಲ್ಲ ಪ್ರಯೋಗಾಲಯದಲ್ಲಿ ಕುಳಿತು ಊಹಿಸಲಾಗದು. ತೊಡುವವನನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಳ್ಳಬೇಕು.

ಅಂಕ ಸಿಕ್ಕ ಬಳಿಕ ಮಾದರಿಗಳು ಕಾಲೇಜಿನ ಕಪಾಟು ಸೇರುವುದು ವಾಡಿಕೆ. ಅದು ತಪ್ಪಬೇಕಾದರೆ ಆಡಳಿತ ಕೈಜೋಡಿಸಬೇಕು. ಜೈಪುರ ಪಾದವನ್ನು ಬಡವರ ಮನೆಗೆ ಮುಟ್ಟಿಸಿದ ಸಂಸ್ಥೆಯನ್ನು 1975ರಲ್ಲಿ ಕಟ್ಟಿದವರು ಡಿ.ಆರ್. ಮೆಹ್ತಾ ಎಂಬ ಐಎಎಸ್ ಅಧಿಕಾರಿಯೇ. ನಮ್ಮ ಜಿಲ್ಲಾಡಳಿತ ಅಷ್ಟು ದೂರ ಹೋಗಬೇಕಿಲ್ಲ. ಉತ್ತಮ ಮಾದರಿಯ ಇಪ್ಪತ್ತೈದು ಗವಸುಗಳನ್ನು ಕೊಂಡು, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ರೈತರಿಗೆ, ಕೂಲಿಕಾರರಿಗೆ ಒಂದು ಮುಂಗಾರು, ಒಂದು ಬೇಸಿಗೆ ಬಳಸಲು ಕೊಡಲಿ. ಆಮೇಲೆ ಅಧಿಕಾರಿಯೊಬ್ಬರು ಹೊಲಕ್ಕೇ ಹೋಗಿ, ಕಾಲು ಮೈಮೇಲಿದೆಯೋ ಮರದ ಮೇಲಿದೆಯೋ ಎಂದು ನೋಡಿ ವರದಿ ಬರೆಯಲಿ. ನಾನು ಬರೆಯದೆ ಉಳಿಸಿದ ವರದಿ ಅದು.